ಮನೆಯವರಿಗೆಲ್ಲ ಮಗುವೇ ದುಭಾಷಿ: ಇದು ಹೆಮ್ಮೆಯೋ, ಹೊರೆಯೋ?

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಒಂದು ಬಗೆಯ ಕತೆ ಓಡಾಡುತ್ತಿರುತ್ತದೆ. ಹೊರದೇಶಕ್ಕೆ ಹೋಗಿ ನೆಲೆಸಿದ ಬಡ ಕುಟುಂಬ. ಅಲ್ಲಿನ ಭಾಷೆ ಬಾರದ ತಾಯಿ. ಆಸ್ಪತ್ರೆಯಲ್ಲಿ ಡಾಕ್ಟರ ಮಾತನ್ನು ಅವಳಿಗೆ, ಅವಳ ಮಾತನ್ನು ಡಾಕ್ಟರಿಗೆ ತಿಳಿಸಿ ಹೇಳುವ ಹತ್ತು ವರ್ಷದ ಮಗ. ಕೊನೆಯಲ್ಲಿ ‘ಇಂಥ ಮಗ ಮನೆಗೊಬ್ಬ ಇರಲಿ’ ಎಂಬ ಸಾಲು, ಅದರ ಹಿಂದೆ ಕೈಮುಗಿಯುವ ನಾಲ್ಕಾರು ಚಿತ್ರಗಳು. ಓದಿದವರ ಕಣ್ಣು ತೇವವಾಗುತ್ತದೆ, ಹತ್ತು ಮಂದಿಗೆ ಕಳುಹಿಸುತ್ತಾರೆ.

ಇಂಥ ಕತೆ ನಿಜವೇ? ಹೆಸರು, ಊರು ಇಲ್ಲದ ಒಂದೊಂದು ಸಂದೇಶವನ್ನೂ ಪರೀಕ್ಷಿಸುವುದು ಕಷ್ಟ. ಆದರೆ ಆ ದೃಶ್ಯ ಮಾತ್ರ ನಿಜ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದಂಥ ದೇಶಗಳ ವಲಸೆ ಕುಟುಂಬಗಳಲ್ಲಿ ಅದು ದಿನನಿತ್ಯದ ಸಂಗತಿ. ತಪ್ಪಿರುವುದು ಕತೆಯಲ್ಲಲ್ಲ, ಅದರಿಂದ ನಾವು ತೆಗೆಯುವ ತೀರ್ಮಾನದಲ್ಲಿ. ‘ಮಗ ಇದ್ದಾನಲ್ಲ, ಇನ್ನೇನು ಚಿಂತೆ’ ಎಂದುಕೊಳ್ಳುತ್ತೇವೆ. ಆಸ್ಪತ್ರೆಯ ಕೋಣೆಯಲ್ಲಿ ಚಿಂತೆ ಶುರುವಾಗುವುದೇ ಅಲ್ಲಿಂದ.

ಮಗುವಿಗೇ ಈ ಕೆಲಸ ಯಾಕೆ ಬರುತ್ತದೆ?

ಹೊಸ ದೇಶಕ್ಕೆ ಎಲ್ಲರೂ ಒಂದೇ ದಿನ ಬಂದಿಳಿದರೂ ಅಲ್ಲಿನ ಭಾಷೆ ಎಲ್ಲರಿಗೂ ಒಂದೇ ವೇಗದಲ್ಲಿ ಬರುವುದಿಲ್ಲ. ಮಗು ದಿನಕ್ಕೆ ಆರೇಳು ಗಂಟೆ ಶಾಲೆಯಲ್ಲಿರುತ್ತದೆ. ಅಲ್ಲಿ ಕಲಿಸಲು ಟೀಚರ್ ಇದ್ದಾರೆ, ತಪ್ಪಾಡಿದರೆ ತಿದ್ದಲು ಗೆಳೆಯರಿದ್ದಾರೆ. ಅಪ್ಪನದು ಹೋಟೆಲ್ ಅಡುಗೆಮನೆಯೋ ಕಟ್ಟಡ ಕೆಲಸವೋ ಆಗಿದ್ದರೆ ಸುತ್ತ ಇರುವವರು ಬಹುಪಾಲು ತನ್ನ ಭಾಷೆಯವರೇ. ಅಮ್ಮ ಮನೆಯಲ್ಲಿ ಚಿಕ್ಕ ಮಗುವನ್ನು ನೋಡಿಕೊಳ್ಳುತ್ತಾಳೆ. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಮನೆಯಲ್ಲಿ ಹೊಸ ಭಾಷೆಯನ್ನು ಸರಾಗವಾಗಿ ಆಡುವವರು ಮಕ್ಕಳು ಮಾತ್ರ ಎಂಬಂತಾಗುತ್ತದೆ.

ಆಗ ಮನೆಬಾಗಿಲಿಗೆ ಬರುವ ಪ್ರತಿಯೊಂದು ಕಾಗದವೂ ಮಗುವಿನ ಕೈಗೆ ಹೋಗುತ್ತದೆ: ಕರೆಂಟ್ ಬಿಲ್, ಬಾಡಿಗೆ ಕರಾರು, ಬ್ಯಾಂಕಿನ ಪತ್ರ, ವಿಮೆಯ ಅರ್ಜಿ, ಶಾಲೆಯ ಸುತ್ತೋಲೆ. ಫೋನ್ ಬಂದರೆ ಎತ್ತುವವನು ಅವನೇ. ಅಂಗಡಿಯಲ್ಲಿ ಸಾಮಾನು ವಾಪಸ್ ಕೊಡಲು, ಮನೆ ಮಾಲೀಕನಿಗೆ ನಲ್ಲಿ ಸೋರುತ್ತಿದೆ ಎಂದು ಹೇಳಲು, ತಮ್ಮನನ್ನು ಶಾಲೆಗೆ ಸೇರಿಸಲು ಅವನೇ ಮುಂದೆ ನಿಲ್ಲಬೇಕು.

ಅಮೆರಿಕದಲ್ಲಿ ಐದು ವರ್ಷ ದಾಟಿದವರಲ್ಲಿ ಸುಮಾರು ಐದರಲ್ಲೊಬ್ಬರು ಮನೆಯಲ್ಲಿ ಇಂಗ್ಲಿಷ್ ಅಲ್ಲದ ಭಾಷೆ ಆಡುತ್ತಾರೆ. ಅವರೆಲ್ಲರಿಗೂ ದುಭಾಷಿ ಬೇಕಿಲ್ಲ, ಹೆಚ್ಚಿನವರಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ. ಆದರೆ ಬಾರದವರ ಮನೆಗಳಲ್ಲಿ ಈ ಕೆಲಸ ಸಾಮಾನ್ಯವಾಗಿ ಮಕ್ಕಳ ಪಾಲಿನದು. ಇದಕ್ಕೆ ಸಂಶೋಧಕರು ‘ಭಾಷಾ ಮಧ್ಯಸ್ಥಿಕೆ’ ಎಂಬರ್ಥದ ಹೆಸರು ಕೊಟ್ಟಿದ್ದಾರೆ. ‘ಅನುವಾದ’ ಎನ್ನದೆ ‘ಮಧ್ಯಸ್ಥಿಕೆ’ ಎಂದದ್ದಕ್ಕೆ ಕಾರಣವಿದೆ. ಮಗು ಮಾತನ್ನು ಈ ಕಡೆಯಿಂದ ಆ ಕಡೆಗೆ ದಾಟಿಸಿ ಸುಮ್ಮನಾಗುವುದಿಲ್ಲ. ಬ್ಯಾಂಕ್ ಎಂದರೇನು, ವಿಮೆ ಎಂದರೇನು ಎಂದು ಅಪ್ಪನಿಗೆ ವಿವರಿಸುತ್ತದೆ. ಅಪ್ಪನ ಸಿಟ್ಟಿನ ಮಾತನ್ನು ಮೆತ್ತಗೆ ಮಾಡಿ ಅಧಿಕಾರಿಗೆ ಹೇಳುತ್ತದೆ. ಅಧಿಕಾರಿಯ ತಾತ್ಸಾರವನ್ನು ಅಪ್ಪನಿಂದ ಮರೆಮಾಡುತ್ತದೆ. ಕೆಲವೊಮ್ಮೆ ‘ಇಲ್ಲಿ ಸಹಿ ಮಾಡು’ ಎಂದು ತೀರ್ಮಾನವನ್ನೂ ತಾನೇ ಮಾಡಿಬಿಡುತ್ತದೆ.

ಈ ಹಿನ್ನೆಲೆ ಇಟ್ಟುಕೊಂಡು ಜನರಲ್ಲಿ ಬೇರೂರಿರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ನಂಬಿಕೆ 1: ‘ಎರಡು ಭಾಷೆ ಬಂದರೆ ಅನುವಾದವೂ ತಾನಾಗಿ ಬರುತ್ತದೆ’

ಇಲ್ಲ. ಆಟದ ಮೈದಾನದಲ್ಲಿ ಪಟಪಟನೆ ಇಂಗ್ಲಿಷ್ ಆಡುವ ಹುಡುಗನಿಗೆ ಪಿತ್ತಕೋಶ, ರಕ್ತ ಹೆಪ್ಪುಗಟ್ಟುವಿಕೆ, ಅಡ್ಡ ಪರಿಣಾಮ ಇವು ಎರಡೂ ಭಾಷೆಯಲ್ಲಿ ಗೊತ್ತಿರುವುದಿಲ್ಲ. ಗೊತ್ತಿಲ್ಲ ಎಂದು ಡಾಕ್ಟರ ಮುಂದೆ ಹೇಳಲು ಸಂಕೋಚ. ಹಾಗಾಗಿ ಆ ಮಾತನ್ನು ಬಿಟ್ಟು ಮುಂದೆ ಹೋಗುತ್ತಾನೆ, ಇಲ್ಲವೇ ಊಹಿಸಿ ಏನೋ ಒಂದು ಹೇಳುತ್ತಾನೆ.

ಅಮೆರಿಕದ ಮಕ್ಕಳ ವೈದ್ಯ ಗ್ಲೆನ್ ಫ್ಲೋರೆಸ್ ಮತ್ತು ಜೊತೆಗಾರರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಳೆದು ತೋರಿಸಿತು. ಸ್ಪ್ಯಾನಿಷ್ ಆಡುವ ಕುಟುಂಬಗಳು ಮಕ್ಕಳನ್ನು ಆಸ್ಪತ್ರೆಗೆ ಕರೆತಂದಾಗಿನ 13 ಭೇಟಿಗಳ ಮಾತುಕತೆಯನ್ನು ಅವರು ಧ್ವನಿಮುದ್ರಿಸಿಕೊಂಡು ಸಾಲುಸಾಲಾಗಿ ಪರೀಕ್ಷಿಸಿದರು. ಸಿಕ್ಕ ತಪ್ಪುಗಳು 396, ಅಂದರೆ ಒಂದು ಭೇಟಿಗೆ ಸರಾಸರಿ 31. ಅರ್ಧಕ್ಕೂ ಹೆಚ್ಚು ತಪ್ಪುಗಳು ಮಾತನ್ನೇ ಬಿಟ್ಟುಬಿಟ್ಟವು. ಒಟ್ಟು ತಪ್ಪುಗಳಲ್ಲಿ ಶೇ 63ರಷ್ಟು ಚಿಕಿತ್ಸೆಯ ಮೇಲೆ ಪರಿಣಾಮ ಬೀರಬಹುದಾದವು. ಆಸ್ಪತ್ರೆಯ ದುಭಾಷಿಗಳೂ ತಪ್ಪು ಮಾಡಿದ್ದರು, ಅವರ ತಪ್ಪುಗಳಲ್ಲಿ ಹೀಗೆ ಅಪಾಯ ತರಬಲ್ಲವು ಶೇ 53. ಆ ಹೊತ್ತಿಗೆ ಕೈಗೆ ಸಿಕ್ಕವರನ್ನು ದುಭಾಷಿ ಮಾಡಿಕೊಂಡಾಗ ಆ ಪ್ರಮಾಣ ಶೇ 77. ಹಾಗೆ ಕೈಗೆ ಸಿಕ್ಕವರಲ್ಲಿ ರೋಗಿಯ 11 ವರ್ಷದ ಒಡಹುಟ್ಟು ಕೂಡ ಇತ್ತು.

ನಮ್ಮ ಭಾಷೆಯಿಂದಲೇ ಒಂದು ಉದಾಹರಣೆ ತೆಗೆದುಕೊಳ್ಳಿ. ಅಜ್ಜಿ ‘ಕಣ್ಣು ಕತ್ತಲೆ ಬರುತ್ತೆ ಪುಟ್ಟಾ’ ಎನ್ನುತ್ತಾರೆ. ತಲೆಸುತ್ತಿ ಬೀಳುವ ಹಾಗಾಗುತ್ತದೆ ಎಂದು ನಮಗೆ ಕೂಡಲೇ ತಿಳಿಯುತ್ತದೆ. ಅಮೆರಿಕದಲ್ಲೇ ಹುಟ್ಟಿ ಬೆಳೆದ ಮೊಮ್ಮಗ ಇದನ್ನು ಪದಕ್ಕೆ ಪದ ಹೇಳಿದರೆ ಡಾಕ್ಟರ್ ಕಣ್ಣಿನ ಪರೀಕ್ಷೆಗೆ ಬರೆಯಬಹುದು, ಬಿ.ಪಿ. ಅಥವಾ ಹೃದಯದ ತೊಂದರೆ ಹಾಗೇ ಉಳಿಯಬಹುದು. ‘ಎದೆ ಉರಿ’ ಮತ್ತು ‘ಎದೆ ನೋವು’, ‘ಜೋಮು’ ಮತ್ತು ‘ಸೆಳೆತ’, ‘ಹೊಟ್ಟೆ ತೊಳಸುವುದು’ ಮತ್ತು ‘ಹೊಟ್ಟೆ ನೋವು’ ಇವು ನಮಗೆ ಬೇರೆ ಬೇರೆ. ಅರ್ಧ ಕನ್ನಡ ಬಲ್ಲ ಮಗುವಿಗೆ ಎಲ್ಲವೂ ಒಂದೇ. ‘ಉಷ್ಣ ಆಗಿದೆ’ ಎಂಬುದನ್ನು ಜ್ವರ ಎಂದು ಹೇಳಿದರೂ ಆಶ್ಚರ್ಯವಿಲ್ಲ.

ಒಂದೇ ಪದ ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ದಾಖಲಾದ ಪ್ರಕರಣವಿದೆ. 1980ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಯೂಬಾ ಮೂಲದ ವಿಲ್ಲಿ ರಾಮಿರೆಜ್ ಎಂಬ 18 ವರ್ಷದ ಯುವಕನನ್ನು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ಮನೆಯವರು ‘ಇಂಟಾಕ್ಸಿಕಾಡೊ’ ಎಂದರು. ತಿಂದದ್ದೋ ಕುಡಿದದ್ದೋ ಮೈಗೆ ಒಗ್ಗದೆ ಹೀಗಾಗಿದೆ ಎಂಬುದು ಅವರ ಅರ್ಥ. ಇಂಗ್ಲಿಷಿನ ‘ಇಂಟಾಕ್ಸಿಕೇಟೆಡ್’ ಪದದಂತೆ ಕೇಳಿಸಿದ್ದರಿಂದ ಆಸ್ಪತ್ರೆಯವರು ಮಾದಕವಸ್ತು ಹೆಚ್ಚಾಗಿದೆ ಎಂದು ತಿಳಿದು ಆ ದಾರಿಯಲ್ಲೇ ಚಿಕಿತ್ಸೆ ನಡೆಸಿದರು. ನಿಜವಾಗಿ ಆಗಿದ್ದು ಮಿದುಳಿನ ರಕ್ತಸ್ರಾವ. ಅದು ಪತ್ತೆಯಾಗುವಷ್ಟರಲ್ಲಿ ತಡವಾಗಿತ್ತು, ಆತನ ಕೈಕಾಲುಗಳು ಸ್ವಾಧೀನ ತಪ್ಪಿದವು. ಅಲ್ಲಿ ದುಭಾಷಿಯಾಗಿ ಮಗು ಇರಲಿಲ್ಲ, ವೃತ್ತಿನಿರತ ದುಭಾಷಿಯೂ ಇರಲಿಲ್ಲ. ದೊಡ್ಡವರೇ ಎಡವಿದ ಜಾಗ ಅದು. ಅಲ್ಲಿ ಹತ್ತು ವರ್ಷದವನನ್ನು ನಿಲ್ಲಿಸಿದರೆ ಏನಾದೀತು?

ಮಕ್ಕಳನ್ನೇ ನಿಲ್ಲಿಸಿದ ಪ್ರಕರಣವೂ ಇದೆ. ಅಮೆರಿಕದಲ್ಲಿ ವಿಯೆಟ್ನಾಂ ಮೂಲದ ಒಂಬತ್ತು ವರ್ಷದ ಬಾಲಕಿ ವಾಂತಿ ತಡೆಯಲು ಕೊಟ್ಟ ಔಷಧಿ ಒಗ್ಗದೆ ತೀರಿಕೊಂಡಳು. ತಂದೆತಾಯಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆಸ್ಪತ್ರೆಯವರು ದುಭಾಷಿಯನ್ನು ಕರೆಸಲಿಲ್ಲ. ಮಾತು ನಡೆದದ್ದು ಆ ರೋಗಿ ಬಾಲಕಿ ಮತ್ತು ಅವಳ 16 ವರ್ಷದ ಅಣ್ಣನ ಮೂಲಕ.

ನಂಬಿಕೆ 2: ‘ಮಕ್ಕಳು ತಮಗೆ ಬೇಕಾದಂತೆ ತಿರುಚಿ ಹೇಳುತ್ತಾರೆ’

ಶಾಲೆಯ ಸಭೆಯಲ್ಲಿ ಟೀಚರ್ ‘ನಿಮ್ಮ ಮಗ ತುಂಬಾ ಗಲಾಟೆ ಮಾಡ್ತಾನೆ’ ಎಂದರೆ ಮಗ ಅಮ್ಮನಿಗೆ ‘ನಾನು ತುಂಬಾ ಜಾಣನಂತೆ’ ಎಂದು ಹೇಳುವ ಜೋಕನ್ನು ನೀವೂ ಓದಿರಬಹುದು. ನಗು ಬರುತ್ತದೆ. ಆದರೆ ಇಂಥ ಸಭೆಗಳನ್ನು ಧ್ವನಿಮುದ್ರಿಸಿ ನೋಡಿದಾಗ ಕಂಡದ್ದು ಹೆಚ್ಚುಕಡಿಮೆ ಇದರ ತದ್ವಿರುದ್ಧ.

ಮಾರ್ಜರಿ ಒರೆಲಾನಾ ಎಂಬ ಅಮೆರಿಕದ ಸಂಶೋಧಕಿ ಷಿಕಾಗೊ ಮತ್ತು ಲಾಸ್ ಏಂಜಲೀಸ್‌ನ ವಲಸೆ ಕುಟುಂಬಗಳ ಮಕ್ಕಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿ, 2009ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದರು. ಅವರ ತಂಡ ಗಮನಿಸಿದಂತೆ, ತಂದೆತಾಯಿ ಮತ್ತು ಟೀಚರ್ ನಡುವೆ ಮಾತು ದಾಟಿಸುವ ಮಕ್ಕಳು ತಮ್ಮ ಬಗೆಗಿನ ಹೊಗಳಿಕೆಯನ್ನೇ ತಗ್ಗಿಸಿ ಹೇಳುತ್ತಿದ್ದರು. ಟೀಚರ್ ಮೆಚ್ಚಿ ಹೇಳಿದ್ದು ಅಮ್ಮನ ಕಿವಿಗೆ ಬರುವಷ್ಟರಲ್ಲಿ ಸಾಧಾರಣ ಮಾತಾಗುತ್ತಿತ್ತು.

ಯಾಕೆ? ತನ್ನನ್ನು ತಾನೇ ಹೊಗಳಿಕೊಳ್ಳುವುದು ಯಾವ ಮಗುವಿಗೂ ಮುಜುಗರ. ‘ನಾನು ಬಹಳ ಬುದ್ಧಿವಂತ’ ಎಂದು ಅಪ್ಪನ ಮುಂದೆ ನಿಂತು ಹೇಳಿ ನೋಡಿ, ಗೊತ್ತಾಗುತ್ತದೆ. ಅಂದರೆ ಇಲ್ಲಿನ ತಪ್ಪಿಗೆ ಕಾರಣ ಮೋಸವಲ್ಲ. ತನ್ನದೇ ವಿಷಯದಲ್ಲಿ ತಾನೇ ದುಭಾಷಿಯಾಗುವುದು ಯಾರಿಗೂ ಸರಿಹೋಗದ ಕೆಲಸ. ಇಂಥ ಸಭೆಗಳಲ್ಲಿ ಹೆಚ್ಚು ಕಳೆದುಕೊಳ್ಳುವವರು ತಾಯಿತಂದೆ. ಮಗು ಚೆನ್ನಾಗಿ ಓದುತ್ತಿದೆ ಎಂಬ ಸಂತೋಷವೇ ಅವರನ್ನು ತಲುಪುವುದಿಲ್ಲ.

ನಂಬಿಕೆ 3: ‘ಈ ಕೆಲಸ ಮಾಡಿದರೆ ಮಗು ಚುರುಕಾಗುತ್ತದೆ’ / ‘ಈ ಕೆಲಸದಿಂದ ಬಾಲ್ಯವೇ ಹಾಳು’

ಇವೆರಡೂ ಎದುರುಬದುರು ಮಾತುಗಳು, ಎರಡೂ ಅರ್ಧ ನಿಜ.

ಚುರುಕಾಗುತ್ತದೆ ಎಂಬುದಕ್ಕೆ ಆಧಾರವಿದೆ. ಷಿಕಾಗೊದ ವಲಸೆ ಕುಟುಂಬಗಳ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮನೆಯವರಿಗಾಗಿ ಹೆಚ್ಚು ಅನುವಾದ ಮಾಡುತ್ತಿದ್ದ ಮಕ್ಕಳು ಐದು ಮತ್ತು ಆರನೇ ತರಗತಿಯ ಓದುವ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದಿದ್ದರು. ಬಾಡಿಗೆ ಕರಾರು, ವಿಮೆಯ ಪತ್ರ ಓದಿ ಅರ್ಥ ಮಾಡಿಕೊಳ್ಳುವ ಮಗುವಿಗೆ ಪಠ್ಯಪುಸ್ತಕ ಸುಲಭವೆನಿಸಿದರೆ ಅದರಲ್ಲಿ ವಿಚಿತ್ರವೇನಿಲ್ಲ. ಮನೆಯವರಿಗೆ ಉಪಯೋಗಕ್ಕೆ ಬಂದೆ ಎಂಬ ಹೆಮ್ಮೆಯನ್ನೂ ಹಲವು ಮಕ್ಕಳು ಸಂಶೋಧಕರ ಬಳಿ ಹೇಳಿಕೊಂಡಿದ್ದಾರೆ.

ಹೊರೆ ಎಂಬುದಕ್ಕೂ ಆಧಾರವಿದೆ. ಅಮ್ಮನಿಗೆ ದೊಡ್ಡ ಕಾಯಿಲೆ ಇದೆ ಎಂಬ ಸುದ್ದಿಯನ್ನು ಮೊದಲು ಕೇಳುವ ಕಿವಿ ಈ ಮಗುವಿನದು, ಅಮ್ಮನಿಗೆ ಅದನ್ನು ಹೇಳಬೇಕಾದ ಬಾಯಿಯೂ ಅದರದೇ. ಬಾಡಿಗೆ ಕಟ್ಟಿಲ್ಲ, ಮನೆ ಬಿಡಬೇಕು ಎಂಬ ನೋಟಿಸ್ ಓದಿ ಹೇಳುವುದೂ ಅದೇ. ಮಗು ತಂದೆತಾಯಿಗೇ ತಂದೆತಾಯಿಯಂತಾಗುವ ಈ ಸ್ಥಿತಿಯನ್ನು ಮನಶ್ಶಾಸ್ತ್ರಜ್ಞರು 1970ರ ದಶಕದಿಂದಲೂ ಗುರುತಿಸಿದ್ದಾರೆ. ಅನುವಾದದ ಕೆಲಸವನ್ನು ಹೊರೆ ಎಂದು ಭಾವಿಸುವ ಮಕ್ಕಳಲ್ಲಿ ಆತಂಕ, ಕುಗ್ಗುವಿಕೆ ಹೆಚ್ಚಾಗಿ ಕಂಡಿವೆ.

ಹಾಗಾದರೆ ಯಾವುದು ಸರಿ? ಮಗುವಿಗೆ ಯಾವ ಕೆಲಸ ಒಪ್ಪಿಸುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ಅಂಗಡಿಯಲ್ಲಿ ಬೆಲೆ ಕೇಳುವುದು, ಬಸ್ಸಿನ ದಾರಿ ವಿಚಾರಿಸುವುದು, ಅಮ್ಮನ ಪಕ್ಕ ಕೂತು ಪತ್ರ ಓದಿ ಹೇಳುವುದು ನಾವು ಇಲ್ಲಿ ಮಕ್ಕಳಿಗೆ ಹೇಳುವ ಮನೆಗೆಲಸದಂತೆಯೇ. ತಪ್ಪಾದರೂ ತಿದ್ದಿಕೊಳ್ಳಬಹುದು. ಆಸ್ಪತ್ರೆ, ಕೋರ್ಟು, ಪೊಲೀಸ್, ವೀಸಾ ಕಚೇರಿ ಹಾಗಲ್ಲ. ಅಲ್ಲಿ ಒಂದು ಮಾತು ತಪ್ಪಿದರೆ ಜೀವ, ಮನೆ, ಬದುಕು ಹೋಗಬಹುದು. ಹೋದರೆ ‘ನಾನು ಸರಿಯಾಗಿ ಹೇಳಿದ್ದರೆ...’ ಎಂಬ ಕೊರಗು ಆ ಮಗುವಿನ ಜೊತೆ ಜೀವನವಿಡೀ ಇರುತ್ತದೆ. ಅದು ಮಗುವಿನ ತಪ್ಪಾಗಿರುವುದಿಲ್ಲ, ಆದರೂ ಕೊರಗು ತಪ್ಪುವುದಿಲ್ಲ.

ಮನೆಯೊಳಗಿನ ಲೆಕ್ಕ ಹೇಗೆ ಬದಲಾಗುತ್ತದೆ?

ಇದು ಆಸ್ಪತ್ರೆಯ ಕೋಣೆಗೆ ಮುಗಿಯುವ ವಿಷಯವಲ್ಲ. ಹೊರಗಿನ ಲೋಕದ ಬೀಗದ ಕೈ ಮಗುವಿನ ಬಳಿ ಇದ್ದಾಗ ಮನೆಯ ಹಿರಿತನವೂ ಅಲುಗಾಡುತ್ತದೆ. ಊರಿನಲ್ಲಿ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಮಾತಾಡುತ್ತಿದ್ದ ಅಪ್ಪ ಇಲ್ಲಿ ಕೌಂಟರಿನ ಮುಂದೆ ಮಗಳ ಮುಖ ನೋಡುತ್ತಾ ನಿಲ್ಲುತ್ತಾನೆ. ಇದು ಅವನಿಗೂ ಕಷ್ಟ, ಅವಳಿಗೂ ಕಷ್ಟ. ಅಪ್ಪನಿಗೆ ಯಾರೋ ಅವಮಾನ ಮಾಡುವುದನ್ನು ಮಗಳು ಅರ್ಥ ಮಾಡಿಕೊಳ್ಳುತ್ತಾಳೆ, ಅಪ್ಪನಿಗೆ ಅದು ಅರ್ಥವಾಗುವುದಿಲ್ಲ. ಹೇಳಲೋ ಬೇಡವೋ ಎಂಬುದನ್ನು ಅವಳೇ ನಿರ್ಧರಿಸಬೇಕು.

ಅಮೆರಿಕದ ವಲಸಿಗರ ಎರಡನೇ ತಲೆಮಾರನ್ನು ದೀರ್ಘಕಾಲ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞರಾದ ಅಲೆಹಾಂಡ್ರೊ ಪೋರ್ಟೆಸ್ ಮತ್ತು ರೂಬೆನ್ ರುಂಬೌಟ್ ಇದನ್ನೇ ಎತ್ತಿ ತೋರಿಸಿದ್ದಾರೆ. ಮಕ್ಕಳು ಹೊಸ ಭಾಷೆ ಕಲಿತು ಮುಂದೆ ಓಡಿ, ತಂದೆತಾಯಿ ಹಿಂದೆಯೇ ಉಳಿದಾಗ ತಂದೆತಾಯಿಯ ಮಾತಿನ ತೂಕ ಕಡಿಮೆಯಾಗುತ್ತದೆ. ಇಬ್ಬರೂ ಜೊತೆಗೆ ಕಲಿತಾಗ, ಅಥವಾ ಮಗು ಮನೆಯ ಭಾಷೆಯನ್ನೂ ಉಳಿಸಿಕೊಂಡಾಗ ಈ ಬಿರುಕು ಚಿಕ್ಕದಾಗಿರುತ್ತದೆ.

ನಂಬಿಕೆ 4: ‘ಮನೆ ಭಾಷೆ ಬಿಟ್ಟರೆ ಮಗು ಬೇಗ ಮುಂದೆ ಬರುತ್ತದೆ’

ಎರಡು ಭಾಷೆ ಆಡಿದರೆ ಮಗುವಿಗೆ ಗೊಂದಲ ಎಂದು ಸಲಹೆ ಕೊಡುವವರು ಈಗಲೂ ಇದ್ದಾರೆ. ಅರವತ್ತು ವರ್ಷಗಳಿಗೂ ಹಿಂದೆಯೇ, 1962ರಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ ಎಲಿಜಬೆತ್ ಪೀಲ್ ಮತ್ತು ವ್ಯಾಲೆಸ್ ಲ್ಯಾಂಬರ್ಟ್ ನಡೆಸಿದ ಅಧ್ಯಯನದಲ್ಲಿ ಎರಡು ಭಾಷೆಯ ಮಕ್ಕಳು ಒಂದು ಭಾಷೆಯ ಮಕ್ಕಳಿಗಿಂತ ಹಿಂದೆ ಬೀಳಲಿಲ್ಲ, ಹಲವು ಪರೀಕ್ಷೆಗಳಲ್ಲಿ ಮುಂದಿದ್ದರು. ಎರಡು ಭಾಷೆಯವರು ಎಲ್ಲದರಲ್ಲೂ ಹೆಚ್ಚು ಬುದ್ಧಿವಂತರು ಎಂಬ ಮಾತನ್ನು ನಂಬಬೇಕಿಲ್ಲ, ಅದರ ಬಗ್ಗೆ ತಜ್ಞರಲ್ಲೇ ವಾದವಿದೆ. ಆದರೆ ಮನೆ ಭಾಷೆಯಿಂದ ಮಗುವಿಗೆ ಹಾನಿ ಎಂಬುದಕ್ಕೆ ಆಧಾರವಿಲ್ಲ.

ಹಾನಿ ಆಗುವುದು ಭಾಷೆ ಬಿಟ್ಟಾಗ. ತಂದೆತಾಯಿಗೆ ಹೊಸ ಭಾಷೆ ಬರುವುದಿಲ್ಲ, ಮಗುವಿಗೆ ಹಳೆಯ ಭಾಷೆ ಮರೆತಿದೆ. ಆಗ ಒಂದೇ ಮನೆಯಲ್ಲಿ ‘ಊಟ ಆಯ್ತಾ, ಮಲಗು’ ಎಂಬಷ್ಟಕ್ಕೆ ಮಾತು ನಿಲ್ಲುತ್ತದೆ. ಭಯ, ಪ್ರೀತಿ, ಕಾಯಿಲೆ, ಶಾಲೆಯಲ್ಲಿನ ಕಿರುಕುಳ ಯಾವುದನ್ನೂ ಹಂಚಿಕೊಳ್ಳಲು ಪದಗಳಿರುವುದಿಲ್ಲ. ಭಾಷಾತಜ್ಞೆ ಲಿಲಿ ವಾಂಗ್ ಫಿಲ್‌ಮೋರ್ 1991ರಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು.

ಕನ್ನಡದ ಮನೆಗಳಿಗೂ ಇದಕ್ಕೂ ಏನು ಸಂಬಂಧ?

‘ನಮ್ಮವರು ಇಂಜಿನಿಯರು, ಡಾಕ್ಟರು. ಇಂಗ್ಲಿಷ್ ಬಲ್ಲವರು. ಇದು ನಮ್ಮ ಸಮಸ್ಯೆ ಅಲ್ಲ’ ಎನಿಸಬಹುದು. ಸ್ವಲ್ಪ ಮಟ್ಟಿಗೆ ಸರಿ. 1965ರ ವಲಸೆ ಕಾನೂನಿನ ನಂತರ ಅಮೆರಿಕಕ್ಕೆ ಹೋದ ಕನ್ನಡಿಗರಲ್ಲಿ ಓದಿದವರೇ ಹೆಚ್ಚು. ಅವರ ಮಕ್ಕಳು ಅಪ್ಪ ಅಮ್ಮನಿಗೆ ದುಭಾಷಿಯಾಗಬೇಕಿಲ್ಲ.

ಆದರೆ ಮಗಳ ಬಾಣಂತನಕ್ಕೋ, ಮೊಮ್ಮಕ್ಕಳನ್ನು ನೋಡಿಕೊಳ್ಳಲೋ ಹೋಗುವ ಅಜ್ಜಿ ತಾತ ಇದ್ದಾರೆ. ಹಗಲು ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗಿರುತ್ತಾರೆ. ಅಜ್ಜಿಗೆ ಎದೆ ಹಿಡಿದುಕೊಂಡರೆ ಫೋನ್ ಮಾಡಿ ವಿಳಾಸ ಹೇಳುವವನು ಶಾಲೆಯಿಂದ ಬಂದ ಮೊಮ್ಮಗನೇ. ಅವನ ಕನ್ನಡ ‘ಅಜ್ಜಿ, ದೋಸೆ ಬೇಕು’ ಎಂಬಷ್ಟಿರುತ್ತದೆ. ಇಂಥ ತುರ್ತಿನಲ್ಲಿ ಅವನು ಮಾತಾಡಲೇಬೇಕು, ಮಾತಾಡಿದ್ದು ಒಳ್ಳೆಯದೇ. ಆದರೆ ಆಸ್ಪತ್ರೆ ತಲುಪಿದ ಮೇಲೆ ಅವನನ್ನು ಬಿಡುಗಡೆ ಮಾಡಬೇಕು.

ದೇಶ ದಾಟದೆಯೂ ಇದು ನಡೆಯುತ್ತದೆ. ಒಡಿಶಾ, ಬಿಹಾರ, ಪಶ್ಚಿಮ ಬಂಗಾಳದಿಂದ ಬೆಂಗಳೂರಿಗೆ ಬಂದ ಕೂಲಿ ಕುಟುಂಬದ ಮಗು ಸರ್ಕಾರಿ ಶಾಲೆಗೆ ಸೇರಿ ಕನ್ನಡ ಕಲಿಯುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಾಯಿಯ ಪರವಾಗಿ ಮಾತಾಡುವುದು ಅದೇ. ಅಮೆರಿಕದ ಆಸ್ಪತ್ರೆಯಲ್ಲಿ ನಮ್ಮ ಅಜ್ಜಿ ಇರುವ ಜಾಗದಲ್ಲಿ ಇಲ್ಲಿ ಆ ತಾಯಿ ಇದ್ದಾಳೆ.

ಕಾನೂನು ಏನು ಹೇಳುತ್ತದೆ?

ಅಮೆರಿಕದಲ್ಲಿ 2010ರ ಆರೋಗ್ಯ ಕಾನೂನಿನ 1557ನೇ ಸೆಕ್ಷನ್ ಅಡಿ 2016ರಲ್ಲಿ ಬಂದ ನಿಯಮ ಸ್ಪಷ್ಟವಾಗಿದೆ. ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆ, ಕ್ಲಿನಿಕ್‌ಗಳು ಅಪ್ರಾಪ್ತ ಮಕ್ಕಳನ್ನು ದುಭಾಷಿಯಾಗಿ ನೆಚ್ಚುವಂತಿಲ್ಲ. ಜೀವಕ್ಕೆ ತಕ್ಷಣದ ಅಪಾಯವಿದ್ದು, ಬೇರೆ ದುಭಾಷಿ ಆ ಕ್ಷಣಕ್ಕೆ ಸಿಗದಿದ್ದಾಗ ಮಾತ್ರ ವಿನಾಯಿತಿ. ಅಗತ್ಯವಿದ್ದವರಿಗೆ ಅರ್ಹ ದುಭಾಷಿಯನ್ನು ಆಸ್ಪತ್ರೆಯೇ ಉಚಿತವಾಗಿ ಒದಗಿಸಬೇಕು. 2024ರ ಪರಿಷ್ಕೃತ ನಿಯಮದಲ್ಲೂ ಇದು ಉಳಿದಿದೆ.

2025ರ ಮಾರ್ಚ್‌ನಲ್ಲಿ ಇಂಗ್ಲಿಷನ್ನು ಅಮೆರಿಕದ ಅಧಿಕೃತ ಭಾಷೆ ಎಂದು ಅಲ್ಲಿನ ಅಧ್ಯಕ್ಷರು ಆದೇಶ ಹೊರಡಿಸಿ, ಭಾಷಾ ನೆರವಿನ ಕುರಿತು 2000ನೇ ಇಸವಿಯಲ್ಲಿ ಬಂದಿದ್ದ ಆದೇಶವೊಂದನ್ನು ರದ್ದು ಮಾಡಿದರು. ‘ಇನ್ನು ಮೇಲೆ ಆಸ್ಪತ್ರೆಯಲ್ಲಿ ದುಭಾಷಿ ಸಿಗುವುದಿಲ್ಲ’ ಎಂಬ ಸಂದೇಶ ನಿಮಗೆ ಬಂದರೆ ನೆನಪಿಡಿ: ರದ್ದಾದದ್ದು ಅಧ್ಯಕ್ಷರ ಹಳೆಯ ಆದೇಶ. 1557ನೇ ಸೆಕ್ಷನ್ ಸಂಸತ್ತು ಮಾಡಿದ ಕಾನೂನಿನ ಭಾಗ, ಅಧ್ಯಕ್ಷರ ಆದೇಶದಿಂದ ಅದು ಅಳಿಸಿಹೋಗುವುದಿಲ್ಲ.

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯ ಮಾರ್ಗಸೂಚಿಯೂ ಮಕ್ಕಳನ್ನು ದುಭಾಷಿ ಮಾಡಬೇಡಿ ಎನ್ನುತ್ತದೆ. ಆಸ್ಟ್ರೇಲಿಯಾದಲ್ಲಿ 1973ರಿಂದಲೇ ಫೋನ್ ಮೂಲಕ ದುಭಾಷಿ ಸೇವೆ ಇದೆ. ಈಗ 131 450 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು.

ನಿಯಮವಿದ್ದರೂ ಮಕ್ಕಳು ದುಭಾಷಿಗಳಾಗುತ್ತಲೇ ಇದ್ದಾರೆ. ಕಾರಣ ಸರಳ. ಡಾಕ್ಟರಿಗೆ ಅವಸರ, ದುಭಾಷಿಗೆ ಕಾಯಬೇಕು, ಮಗು ಎದುರಿಗೇ ಇದೆ. ಕೇಳುವ ಹಕ್ಕು ತಮಗಿದೆ ಎಂಬುದು ಮನೆಯವರಿಗೆ ಗೊತ್ತಿರುವುದಿಲ್ಲ.

ಮೊಬೈಲ್ ಆ್ಯಪ್ ಇದೆಯಲ್ಲ?

ದಾರಿ ಕೇಳಲು, ಅಂಗಡಿಯ ಬೋರ್ಡು ಓದಲು ಆ್ಯಪ್ ಧಾರಾಳವಾಗಿ ಬಳಸಿ. ಕಾಯಿಲೆಯ ವಿಷಯಕ್ಕೆ ಅದನ್ನೇ ನಂಬಬೇಡಿ. ‘ಕಣ್ಣು ಕತ್ತಲೆ’ಯ ಮುಂದೆ ಮೊಮ್ಮಗ ಎಡವಿದಂತೆ ಆ್ಯಪ್ ಕೂಡ ಎಡವಬಹುದು. ತಪ್ಪಾಡಿದಾಗ ಅದು ತಡವರಿಸುವುದೂ ಇಲ್ಲ, ಹಾಗಾಗಿ ತಪ್ಪೆಂದು ಯಾರಿಗೂ ಅನುಮಾನ ಬರುವುದಿಲ್ಲ. ಮುಖ್ಯ ದಾಖಲೆಗಳನ್ನು ಯಂತ್ರದಿಂದ ಅನುವಾದ ಮಾಡಿಸಿದರೆ ಅರ್ಹ ಮನುಷ್ಯರೊಬ್ಬರು ಪರಿಶೀಲಿಸಲೇಬೇಕು ಎಂದು ಅಮೆರಿಕದ 2024ರ ನಿಯಮ ಹೇಳುತ್ತದೆ.

ನೀವು ಮಾಡಬಹುದಾದದ್ದು

ಹೊರದೇಶದಲ್ಲಿ ನಿಮ್ಮವರಿದ್ದರೆ ಅಥವಾ ನೀವೇ ಹೋಗುವವರಿದ್ದರೆ ಇವಿಷ್ಟು ನೆನಪಿರಲಿ.

• ಆಸ್ಪತ್ರೆಯಲ್ಲಿ ಸಮಯ ಗೊತ್ತು ಮಾಡುವಾಗಲೇ ದುಭಾಷಿ ಬೇಕೆಂದು ಹೇಳಿ. ಹಿರಿಯರಿಗೆ ಒಂದು ವಾಕ್ಯ ಕಲಿಸಿಡಿ: ‘ಐ ನೀಡ್ ಎ ಕನ್ನಡ ಇಂಟರ್‌ಪ್ರಿಟರ್, ಪ್ಲೀಸ್.’

• ‘ಕನ್ನಡ’ ಎಂದರೆ ಅಲ್ಲಿನವರ ಕಿವಿಗೆ ‘ಕೆನಡಾ’ ಎಂದು ಕೇಳಿಸಬಹುದು. ‘ಭಾರತದವರು, ಹಾಗಾಗಿ ಹಿಂದಿ ಸಾಕು’ ಎಂದೂ ಅಂದುಕೊಳ್ಳಬಹುದು. ಭಾಷೆಯ ಹೆಸರನ್ನು ಇಂಗ್ಲಿಷಿನಲ್ಲಿ ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಡಿ.

• ನುಂಗುತ್ತಿರುವ ಮಾತ್ರೆಗಳ ಹೆಸರು, ಯಾವ ಔಷಧಿ ಒಗ್ಗುವುದಿಲ್ಲ, ಹಿಂದೆ ಆದ ಆಪರೇಷನ್ ಇವುಗಳ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಬರೆಸಿ ಜೊತೆಗಿಡಿ. ಮಗು ನೆನಪಿಟ್ಟು ಹೇಳಬೇಕಾದ ಹೊರೆ ಅಷ್ಟು ಕಡಿಮೆಯಾಗುತ್ತದೆ.

• ಮಗುವೇ ಮಾತಾಡಬೇಕಾಗಿ ಬಂದರೆ ‘ಗೊತ್ತಾಗದಿದ್ದರೆ ಗೊತ್ತಿಲ್ಲ ಅಂತ ಹೇಳು, ತಪ್ಪಿಲ್ಲ’ ಎಂದು ಮೊದಲೇ ಹೇಳಿ. ಎಷ್ಟೋ ತಪ್ಪುಗಳು ಈ ಒಂದು ಮಾತಿನಿಂದ ತಪ್ಪುತ್ತವೆ.

• ಸಹಿ ಮಾಡುವ ಕಾಗದ, ಕೋರ್ಟು, ಪೊಲೀಸ್, ದೊಡ್ಡ ಕಾಯಿಲೆಯ ಸುದ್ದಿ ಇವುಗಳನ್ನು ಮಗುವಿನ ಮೂಲಕ ನಡೆಸಬೇಡಿ.

• ಮನೆಗೆ ಬಂದ ಮೇಲೆ ‘ಇವತ್ತು ನಿನ್ನಿಂದ ಉಪಕಾರ ಆಯ್ತು’ ಎನ್ನಿ. ಆಮೇಲೆ ಆಟಕ್ಕೆ ಕಳಿಸಿ. ಮಾಡಿದ ಕೆಲಸವನ್ನು ಕೆಲಸವೆಂದು ಗುರುತಿಸುವುದೂ ಮುಖ್ಯ, ಅಲ್ಲಿಗೆ ಮುಗಿಸುವುದೂ ಮುಖ್ಯ.

• ಮೊಮ್ಮಕ್ಕಳ ಜೊತೆ ಕನ್ನಡ ಆಡುತ್ತಿರಿ. ದುಭಾಷಿಯಾಗಲಿ ಎಂದಲ್ಲ. ನಿಮ್ಮ ನೋವು ನಿಮ್ಮದೇ ಮಾತಿನಲ್ಲಿ ಅವರಿಗೆ ತಿಳಿಯಲಿ ಎಂದು.

ಕೊನೆಯ ಮಾತು

ಅಮ್ಮನಿಗೆ ದುಭಾಷಿಯಾದ ಹುಡುಗನ ಸಂದೇಶ ಮತ್ತೆ ನಿಮ್ಮ ಗುಂಪಿಗೆ ಬಂದೀತು. ಹುಡುಗನನ್ನು ಮೆಚ್ಚಿಕೊಳ್ಳಿ, ಅವನು ಅದಕ್ಕೆ ಅರ್ಹ. ಮುಂದಕ್ಕೆ ಕಳುಹಿಸುವುದಾದರೆ ಕೆಳಗೊಂದು ಸಾಲು ಸೇರಿಸಿ: ‘ಆಸ್ಪತ್ರೆಯಲ್ಲಿ ದುಭಾಷಿ ಕೇಳುವುದು ನಿಮ್ಮ ಹಕ್ಕು, ಮಗುವಿನಿಂದ ಆ ಕೆಲಸ ಮಾಡಿಸಬೇಡಿ.’ ಹೊರದೇಶದಲ್ಲಿರುವ ಯಾವುದೋ ಅಜ್ಜಿಗೆ, ಅವರ ಮೊಮ್ಮಗನಿಗೆ ಅದು ಕೈಮುಗಿಯುವ ಚಿತ್ರಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.